ಹೆಬ್ಬೆರಳನ್ನು ಕೇಳಿ

ಕೇಳುಗರಿಗೆ ನಮಸ್ಕಾರ. ಮಂಜೇಶ್ವರದಿಂದ ಬದಿಯಡ್ಕದವರೆಗೆ, ಅಡಿಕೆ ಸುಲಿಯುತ್ತಲೋ ಅಡುಗೆ ಮಾಡುತ್ತಲೋ ರೇಡಿಯೋ ಹಾಕಿ ಕೂತವರಿಗೆ ಇವತ್ತು ಒಂದು ಗಿಟಾರ್ ಆಲ್ಬಮ್ಮಿನ ಕತೆ. ಇಂಗ್ಲಿಷ್ ಸಂಗೀತ ನಮಗೆ ಯಾಕೆ ಅಂತ ರೇಡಿಯೋದ ಕಿವಿ ಹಿಂಡಬೇಡಿ. ನಾನು ಹೇಳುವುದು ಒಂದೇ ಮಾತು: ಹೆಬ್ಬೆರಳನ್ನು ಕೇಳಿ.

ಈ ಆಲ್ಬಮ್ ಸ್ಕಾಟ್ಲೆಂಡಿನ ಗಿಟಾರ್ ವಾದಕ ಬರ್ಟ್ ಜಾನ್ಷ್‌ನದು. ಗ್ಲಾಸ್ಗೋದಲ್ಲಿ ಹುಟ್ಟಿ ಎಡಿನ್‌ಬರೋದಲ್ಲಿ ಬೆಳೆದವನು. 1965ರಲ್ಲಿ ಬಂದ ಇದು ಅವನ ಮೊದಲ ಆಲ್ಬಮ್. ಅದಕ್ಕೆ ಹೆಸರೂ ಅವನದೇ. ಆಗ ಅವನಿಗೆ 21 ವರ್ಷ. ನುಡಿಸಿದ್ದು ಎರವಲು ಗಿಟಾರ್. ಸ್ಟುಡಿಯೋ ಇಲ್ಲ, ಲಂಡನ್ನಿನಲ್ಲಿ ಬಿಲ್ ಲೀಡರ್ ಎಂಬ ಧ್ವನಿಮುದ್ರಕರ ಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಮುಗಿಸಿದರು. ರೆಕಾರ್ಡ್ ಕಂಪನಿ ಕೊಟ್ಟದ್ದು 100 ಪೌಂಡ್. ನಮ್ಮ ಮಕ್ಕಳೋ, ದುಬಾರಿ ಗಿಟಾರ್ ಮನೆಗೆ ಬರದೆ ಸರಿಗಮವನ್ನೂ ಶುರು ಮಾಡುವುದಿಲ್ಲ! ಇರಲಿ.

ಹಿಂದೊಮ್ಮೆ ಮಳೆಗಾಲದ ರಾತ್ರಿ, ನೆರೆಮನೆಯ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದೆವು. ಕರೆಂಟು ಹೋಗಿತ್ತು. ನಾನು ಸೆಲ್ ಹಾಕಿದ ಟೇಪ್ ರೆಕಾರ್ಡರಿನಲ್ಲಿ ಈ ಆಲ್ಬಮ್ ಹಾಕಿದೆ. ಪಕ್ಕದಲ್ಲಿ ಮೇಳದ ಮದ್ದಳೆಯವರೊಬ್ಬರು, ಹಿರಿಯರು. ಸ್ವಲ್ಪ ಹೊತ್ತಿಗೆ ಅವರ ಕೈ ನಿಂತಿತು.

‘ಮಾಷ್ಟ್ರೇ, ಮದ್ದಳೆ ಯಾರದ್ದು?’

‘ಮದ್ದಳೆ ಇಲ್ಲ ಅಣ್ಣ. ಒಬ್ಬನೇ, ಒಂದೇ ಗಿಟಾರ್.’

‘ಸುಮ್ನೆ ಹೇಳಬೇಡಿ.’

ಮತ್ತೆ ಹಾಕಿಸಿದರು. ಮತ್ತೊಮ್ಮೆ ಹಾಕಿಸಿದರು. ನಾಲ್ಕನೇ ಸಲ ಸೆಲ್ ಸೋತು ಹಾಡು ಎಳೆಯತೊಡಗಿತು. ‘ಶ್ರುತಿ ಇಳಿದದ್ದು ಅವನದ್ದೋ, ನಿಮ್ಮ ಸೆಲ್ಲಿನದ್ದೋ?’ ಅಂತ ಕೇಳಿದರು. ಆಮೇಲೆ ಅಡಿಕೆ ಗೋಣಿಯ ಮೇಲೆ ಬರೀ ಮಂದ್ರದ ಪೆಟ್ಟುಗಳನ್ನು ಬಡಿದು ತೋರಿಸಿದರು. ‘ಇದು ಅವನ ಹೆಬ್ಬೆರಳು, ಅಲ್ವಾ? ಭಾಗವತಿಕೆ ಉಳಿದ ಬೆರಳಿನದ್ದು.’

ಇಷ್ಟು ವರ್ಷ ಪಾಠ ಹೇಳಿಯೂ ನನಗೆ ಇದನ್ನು ಇಷ್ಟು ಚೆನ್ನಾಗಿ ಹೇಳಲು ಬಂದಿಲ್ಲ. ಅವರು ಗಿಟಾರ್ ಮುಟ್ಟಿದವರೇ ಅಲ್ಲ!

ಅವರು ಮತ್ತೆ ಮತ್ತೆ ಹಾಕಿಸಿದ್ದು ‘ಆಂಜಿ’. ಹಾಡುವ ಮಾತಿಲ್ಲ, ಬರೀ ಗಿಟಾರ್. ಕಟ್ಟಿದವನು ಇನ್ನೊಬ್ಬ ಗಿಟಾರ್ ವಾದಕ, ಡೇವಿ ಗ್ರಹಾಂ. ಹೆಬ್ಬೆರಳು ಮಂದ್ರದಲ್ಲಿ ಎ, ಜಿ, ಎಫ್, ಇ ಅಂತ ಸ್ವರದ ಮೆಟ್ಟಿಲು ಇಳಿಯುತ್ತದೆ, ಮತ್ತೆ ಮೇಲಿನಿಂದ ಶುರು. ಮೇಲೆ ಉಳಿದ ಬೆರಳುಗಳು ತಮ್ಮ ಪಾಡಿಗೆ ಆಡುತ್ತವೆ. ಮಧ್ಯದಲ್ಲಿ ಜಾನ್ಷ್ ನ್ಯಾಟ್ ಆಡರ್ಲಿಯ ಜಾಝ್ ಧಾಟಿಯೊಂದನ್ನು ತೂರಿಸುತ್ತಾನೆ. ಹೆಬ್ಬೆರಳಿಗೆ ಅದರ ಗೊಡವೆಯೇ ಇಲ್ಲ.

ಅಮೆರಿಕದ ಬ್ಲೂಸ್ ಹಾಡುಗಾರ ಬಿಗ್ ಬಿಲ್ ಬ್ರೂಂಜಿ, ಜಾಝ್ ವಾದಕ ಮಿಂಗಸ್, ಇವರಿಂದ ಅವನು ಪಡೆದದ್ದನ್ನೂ ಹೇಳಬೇಕಿತ್ತು. ಮಾದಕ ಚುಚ್ಚುಮದ್ದಿಗೆ ಬಲಿಯಾದ ಗೆಳೆಯನ ಮೇಲೆ ಕಟ್ಟಿದ ಹಾಡೂ ಇದರಲ್ಲಿದೆ, ಅದಕ್ಕೇ ಒಂದು ಭಾಷಣ ಬೇಕು. ಏನು ಮಾಡುವುದು, ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಮದ್ದಳೆಯವರ ಕತೆ ಜಾಸ್ತಿಯಾಯಿತು.

ಈಗ ‘ಆಂಜಿ’ ಹಾಕುತ್ತಾರೆ. ಒಲೆಯ ಮೇಲೆ ಏನಾದರೂ ಇದ್ದರೆ ಉರಿ ಸಣ್ಣ ಮಾಡಿ ಬನ್ನಿ. ಮೊದಲ ಸಲ ಮೇಲಿನ ರಾಗ ಬಿಟ್ಟುಬಿಡಿ. ಹೆಬ್ಬೆರಳು ಮಾತ್ರ.