ಗೆಜ್ಜೆ ಬಿಚ್ಚಿದ ಮೇಲೆ

ಕೇಳುಗರಿಗೆ ನಮಸ್ಕಾರ.

ನಮ್ಮ ಕರಾವಳಿಯಲ್ಲಿ ಪತ್ತನಾಜೆ ಅಂತ ಒಂದು ದಿನವಿದೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸಿಗೆ ಬರುತ್ತದೆ. ಆ ಹೊತ್ತಿಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿದು ಕಲಾವಿದರು ಗೆಜ್ಜೆ ಬಿಚ್ಚುತ್ತಾರೆ. ಅದಾಗಿ ಒಂದು ವಾರಕ್ಕೆಲ್ಲ ಶಾಲೆಯ ಬಾಗಿಲು ತೆರೆಯುತ್ತದೆ. ಆರು ತಿಂಗಳು ಊರೂರು ತಿರುಗಿ ಕುಣಿದ ಕಾಲು ಮಳೆಗಾಲವಿಡೀ ಮನೆಯಲ್ಲಿ; ಕುಣಿಯಬೇಕೆಂದು ತುಡಿಯುವ ಎಳೆಯ ಕಾಲು ಶಾಲೆಯ ಡೆಸ್ಕಿನಡಿಯಲ್ಲಿ. ಈ ಎರಡನ್ನೂ ಒಂದೇ ಕೋಣೆಗೆ ತರುವುದಕ್ಕೆ ಪಂಚಾಂಗವೇ ಅನುಕೂಲ ಮಾಡಿಕೊಟ್ಟಿದೆ. ಅದನ್ನು ನಾವು ಬಳಸಿಕೊಂಡದ್ದು ಮಾತ್ರ ಕಡಿಮೆ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವ. ಕುಣಿಯಲು ಬಾರದವ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಶಾಲೆಯಲ್ಲಿ ನೃತ್ಯ ಅಂದರೆ ಸಾಮಾನ್ಯವಾಗಿ ಏನು? ವಾರ್ಷಿಕೋತ್ಸವಕ್ಕೆ ಮೂರು ವಾರ ಇರುವಾಗ ಯಾರನ್ನೋ ಕರೆಸುವುದು, ಹತ್ತು ನಿಮಿಷದ ಒಂದು ಐಟಂ ಮಾಡಿಸುವುದು. ನಾನು ಮೊದಲು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಹೀಗೇ ಒಬ್ಬ ಒಳ್ಳೆಯ ವೇಷಧಾರಿಯನ್ನು ಕರೆದರು. ಅವರು ಹೆಜ್ಜೆಯಿಂದ ಶುರು ಮಾಡಿದರು. ಎರಡನೆಯ ದಿನವೇ ಆಡಳಿತದವರು ಬಂದು, "ಹೆಜ್ಜೆಗಿಜ್ಜೆ ಬೇಡ, ಚಂದ ಕಾಣುವ ಹಾಗೆ ಏನಾದರೂ ಮಾಡಿಸಿ" ಎಂದರು. ಚಂದವೇ ಕಂಡಿತು. ಫೋಟೋನೂ ಬಂತು. ಒಂದು ತಿಂಗಳು ಕಳೆದು ಆ ಮಕ್ಕಳನ್ನು ಕೇಳಿದರೆ ಒಬ್ಬನಿಗೂ ಏಕತಾಳ ಹಾಕಲು ಬರುತ್ತಿರಲಿಲ್ಲ.

ಮೇಳದ ಕ್ರಮವೇ ಬೇರೆ. ಹಿಂದೆ ಹುಡುಗನೊಬ್ಬ ಮೇಳ ಸೇರಿದರೆ ಆಟದ ಆರಂಭದ ಸಣ್ಣ ವೇಷಗಳೇ ಗತಿ: ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಆಮೇಲೆ ಪೀಠಿಕೆ ಸ್ತ್ರೀವೇಷ. ಬಣ್ಣದ ಮನೆಯಾದ ಚೌಕಿಯಲ್ಲಿ ಹಿರಿಯರ ಬಣ್ಣ ನೋಡುತ್ತಾ, ರಂಗಸ್ಥಳದ ಬದಿಯಲ್ಲಿ ನಿದ್ದೆಗೆಟ್ಟು ನಿಲ್ಲುತ್ತಾ ಕಲಿಯಬೇಕು. ಹೊತ್ತೇ ಅಲ್ಲಿ ಅರ್ಧ ಗುರು. ಶಾಲೆಯ ಹತ್ತಿರ ಇಲ್ಲದ್ದೂ ಅದೇ ಹೊತ್ತು.

ಆದರೂ ನಮ್ಮಲ್ಲಿ ದಾರಿ ಹುಡುಕಿದವರಿದ್ದಾರೆ. ಶಿವರಾಮ ಕಾರಂತರ, ಕು.ಶಿ. ಹರಿದಾಸ ಭಟ್ಟರ ಮುತುವರ್ಜಿಯಿಂದ 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಬಂತು. 1975ರಲ್ಲಿ ಸಾಲಿಗ್ರಾಮ ಮಕ್ಕಳ ಮೇಳ ಹುಟ್ಟಿತು. ಮಕ್ಕಳದ್ದೇ ಮೇಳ ಕಟ್ಟಬಹುದು ಎಂದು ಅದು ತೋರಿಸಿಕೊಟ್ಟಿತು. ಈಗ ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಿಗೆ ಗುರುಗಳನ್ನು ಕಳಿಸುತ್ತದೆ. ಮಳೆಗಾಲದಲ್ಲಿ ಕಲಿತ ಮಕ್ಕಳು ವರ್ಷದ ಕೊನೆಗೆ ಕಿಶೋರ ಯಕ್ಷಗಾನದ ರಂಗಸ್ಥಳ ಏರುತ್ತಾರೆ. ಊರಿನ ಪರಿಣತ ಕಲಾವಿದರನ್ನು ಶಾಲೆಗೆ ಬರಮಾಡಿಕೊಳ್ಳಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಬರೆದಿದೆ. ನೀತಿ ಬರುವ ಮೊದಲೇ ನಮ್ಮವರು ಕೆಲಸ ಶುರು ಹಚ್ಚಿಕೊಂಡಿದ್ದರು, ಅಷ್ಟೆ.

ನನ್ನ ಕೊನೆಯ ಶಾಲೆಗೂ ಹಾಗೆ ಒಬ್ಬರು ಗುರುಗಳು ಸಿಕ್ಕಿದರು. ಯಕ್ಷಗಾನದ ಬಡಗಿನ ಶೈಲಿಯಾದ ಬಡಗುತಿಟ್ಟಿನವರು, ಮೇಳದಲ್ಲಿ ಪುಂಡುವೇಷ, ಅಂದರೆ ಎಳೆಯ ವೀರರ ವೇಷ ಮಾಡುತ್ತಿದ್ದವರು. ಜೂನ್ ತಿಂಗಳ ಮಳೆ, ತಗಡಿನ ಮಾಡು, ಡೆಸ್ಕುಗಳನ್ನು ಗೋಡೆಗೆ ಸರಿಸಿದ ಒಂಬತ್ತನೆಯ ತರಗತಿ. ಬಾಯಲ್ಲೇ ತಾಳದ ಬಾಯಿತಾಳ ಹೇಳಿದರೆ ಮಳೆಯ ಸದ್ದಿಗೆ ಹಿಂದಿನ ಸಾಲಿಗೆ ಕೇಳುವುದಿಲ್ಲ. ಡೆಸ್ಕಿನ ಮೇಲೆ ಕೋಲಿನಿಂದ ಬಡಿದು ತೋರಿಸಿದರು. ಮೊದಲ ವಾರ ಅವರಿಗೇ ಸಾಕಾಗಿಹೋಯಿತು. "ಒಬ್ಬನಿಗೆ ಹೇಳಿಕೊಡಬಹುದು ಮಾಷ್ಟ್ರೇ, ನಲವತ್ತು ಜನಕ್ಕೆ ಹೇಗೆ ಹೇಳಿಕೊಡುವುದು?" ಎಂದರು. ರಂಗಸ್ಥಳದಲ್ಲಿ ಸಾವಿರ ಜನರ ಎದುರು ಅಳುಕದವರು ನಲವತ್ತು ಮಕ್ಕಳ ಎದುರು ಬೆವರಿದ್ದರು. ಮಕ್ಕಳನ್ನು ಐದು ಗುಂಪು ಮಾಡುವುದು, ಚುರುಕಾದವರನ್ನು ಮುಂದೆ ನಿಲ್ಲಿಸುವುದು, ಗಲಾಟೆ ಮಾಡುವವನ ಕೈಗೇ ತಾಳ ಕೊಡುವುದು: ಇದು ನನಗೆ ಗೊತ್ತಿದ್ದ ವಿದ್ಯೆ. ತ್ರಿವುಡೆ ತಾಳದ ಏಳಕ್ಷರ ಪಾದದಲ್ಲಿ ಹೇಗೆ ಕೂರುತ್ತದೆ ಎಂಬುದು ಅವರಿಗೆ ಗೊತ್ತಿದ್ದ ವಿದ್ಯೆ. ಕಲಾವಿದರನ್ನು ಕರೆತಂದು ತರಗತಿಯಲ್ಲಿ ಬಿಟ್ಟು ಮಾಷ್ಟ್ರು ಚಾ ಕುಡಿಯಲು ಹೋದರೆ ಕೆಲಸ ಆಗುವುದಿಲ್ಲ. ಇಬ್ಬರೂ ಒಳಗಿರಬೇಕು. ನಾನು ಹಿಂದಿನ ಸಾಲಿನಲ್ಲಿ ನಿಂತು ಹೆಜ್ಜೆ ಹಾಕಲು ನೋಡಿದ್ದೂ ಉಂಟು. ಮಕ್ಕಳಿಗೆ ಅದೇ ದೊಡ್ಡ ಹಾಸ್ಯ.

ಕನ್ನಡ ಮಾಷ್ಟ್ರಿಗೆ ಇದರಲ್ಲಿ ಲಾಭವೂ ಆಯಿತು. ಯಕ್ಷಗಾನದಲ್ಲಿ ಕುಣಿತ ಮುಗಿದ ಕೂಡಲೇ ಮಾತು, ಅದೂ ಇಂಗ್ಲಿಷ್ ಸೋಕದ ಕನ್ನಡದಲ್ಲಿ. ನಮ್ಮ ಕೃಷ್ಣ ಪ್ರಯೋಗದ ದಿನ ಸಂಧಾನದ ಮಾತಿನ ಮಧ್ಯೆ "ಬಟ್" ಎಂದುಬಿಟ್ಟ. ಮದ್ದಳೆಯವರು ತಲೆ ತಗ್ಗಿಸಿ ನಕ್ಕರು. ಹುಡುಗ ಒಂದು ಕ್ಷಣ ತಡೆದು, "ಆದರೆ ಕೌರವಾ..." ಎಂದು ಅದನ್ನೇ ಸರಿಯಾಗಿ ಹೇಳಿದ. ನಾನು ಮೂರು ವರ್ಷ ಕೆಂಪು ಶಾಯಿಯಲ್ಲಿ ಮಾಡಲಾಗದ ತಿದ್ದುಪಡಿ ಅದು.

ಒಂದು ಮಾತು ಮುಚ್ಚಿಡಬಾರದು. ಶಾಲೆಯಲ್ಲಿ ಹೆಣ್ಣುಮಕ್ಕಳೂ ಕಲಿಯುತ್ತಾರೆ, ಅನೇಕ ಕಡೆ ಅವರೇ ಮುಂದು. ವೃತ್ತಿಮೇಳದಲ್ಲಿ ಮಾತ್ರ ಸ್ತ್ರೀವೇಷವನ್ನೂ ಬಹುತೇಕ ಗಂಡಸರೇ ಕಟ್ಟುತ್ತಾರೆ. ಲೀಲಾವತಿ ಬೈಪಾಡಿತ್ತಾಯರು ವೃತ್ತಿಮೇಳದಲ್ಲಿ ಹಾಡಿ ಆಟ ನಡೆಸುವ ಭಾಗವತಿಕೆ ಮಾಡಿ ತೋರಿಸಿದರೂ ಆ ದಾರಿ ಅಗಲವಾಗಲಿಲ್ಲ. ಹತ್ತನೆಯ ತರಗತಿ ಮುಗಿದ ಹುಡುಗಿ "ಮುಂದೆ ಎಲ್ಲಿ ಕುಣಿಯುವುದು ಸರ್?" ಎಂದು ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಇನ್ನು ಸಂಭಾವನೆ. ಮಳೆಗಾಲದಲ್ಲಿ ಕೆಲವು ಕಲಾವಿದರು ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಾರೆ, ಕೆಲವರು ಗದ್ದೆಗೆ ಇಳಿಯುತ್ತಾರೆ. ಅವರನ್ನು ಶಾಲೆಗೆ ಕರೆಯುವಾಗ "ಕಲಾಸೇವೆ" ಎಂಬ ಪದ ಬಾಯಿಗೆ ಬೇಗ ಬರುತ್ತದೆ. ಗಣಿತದ ಮಾಷ್ಟ್ರಿಗೆ ಯಾರೂ ಹಾಗೆ ಹೇಳುವುದಿಲ್ಲ.

ದೀಪಾವಳಿ ಕಳೆಯಿತು, ಮೇಳ ಹೊರಟಿತು, ಗುರುಗಳೂ ಹೊರಟರು. ಜನವರಿಯಲ್ಲಿ ನಮ್ಮೂರ ಗದ್ದೆಯಲ್ಲೇ ಅವರ ಮೇಳದ ಆಟ. ನಮ್ಮ ಮಕ್ಕಳೆಲ್ಲ ಚಾಪೆ ಹಾಸಿಕೊಂಡು ಎದುರಿನ ಸಾಲಿನಲ್ಲಿ ಕೂತಿದ್ದರು. ನಡುರಾತ್ರಿ ಗುರುಗಳು ಬಭ್ರುವಾಹನನಾಗಿ ಬಂದರು, ತಲೆಗೆ ಕೇದಗೆ ಮುಂದಲೆ ಕಟ್ಟಿಕೊಂಡು. ಚೆಂಡೆ ಏರಿತು, ಮೊಣಕಾಲೂರಿ ಸುತ್ತುತ್ತಾ ಮಂಡಿ ಹಾಕಿದರು, ಸೀಟಿ ಬಿತ್ತು. ನನಗಂತೂ ಎಲ್ಲ ಭರ್ಜರಿಯಾಗಿಯೇ ಕಂಡಿತು.

ಮರುದಿನ ಮೊದಲನೆಯ ಪೀರಿಯಡ್ಡಿಗೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಗುರುಗಳ ಎಡಗಾಲಿಗೆ ನೋವುಂಟಾ? ನಿನ್ನೆ ಎಡಮಂಡಿ ಊರಲೇ ಇಲ್ಲ."

ಸಂಜೆ ಫೋನ್ ಮಾಡಿ ಹೇಳಿದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಭಾಗವತರಿಗೂ ಗೊತ್ತಾಗಲಿಲ್ಲ ಮಾಷ್ಟ್ರೇ," ಎಂದರು. "ಯಾವ ಹುಡುಗಿ ಅದು?"

ನಮಸ್ಕಾರ.