ಮೆಣಸಿನ ಬೇರಿನ ಸುತ್ತ ನಡೆಯೋ ಹಾರ್ಮೋನ್ ಕೆಲಸ

ಮೂಡಿಗೆರೆ ಕಡೆ ಈಗ ಕಾಳುಮೆಣಸಿನ ನರ್ಸರಿ ಕೆಲಸದ ಹೊತ್ತು. ಬಳ್ಳಿಯ ಬುಡದಿಂದ ಹೊರಟ ಹಂಬನ್ನ ಎರಡು-ಮೂರು ಗೆಣ್ಣಿಗೆ ಕತ್ತರಿಸಿ ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಗೆ ಊರ್ತಾರೆ. ಹಾಗೆ ಊರಿ ಬೇರು ಬಂದಿರೋ ಒಂದು ತುಂಡು ಇದು. ನೀರಲ್ಲಿ ಅಲ್ಲಾಡಿಸಿದ್ರೂ ಬೇರಿಗೆ ಅಂಟಿರೋ ಮಣ್ಣಿನ ತೆಳು ಪದರ ಬಿಡ್ತಾ ಇಲ್ಲ, ನೋಡಿ. ಬೇರುಗೂದಲು ಮತ್ತು ಬೇರಿನ ಅಂಟು ಅದನ್ನ ಹಿಡ್ಕೊಂಡಿವೆ. ಬೇರಿನ ಪ್ರಭಾವ ಇರೋ ಈ ಮಣ್ಣಿಗೆ ಜರ್ಮನಿಯ ವಿಜ್ಞಾನಿ ಲೊರೆನ್ಜ್ ಹಿಲ್ಟ್ನರ್ 1904ರಲ್ಲಿ ರೈಜೋಸ್ಫಿಯರ್ ಅಂತ ಹೆಸರಿಟ್ಟರು.

ಬೇರು ಇಲ್ಲಿಗೆ ಸಕ್ಕರೆ, ಸಾವಯವ ಆಮ್ಲ, ಅಮೈನೋ ಆಮ್ಲ ಸುರಿಸ್ತಾನೇ ಇರುತ್ತೆ. ಅದರಲ್ಲಿರೋ ಟ್ರಿಪ್ಟೊಫಾನ್ ಅನ್ನೋ ಅಮೈನೋ ಆಮ್ಲವನ್ನ ಅಜೋಸ್ಪಿರಿಲಮ್, ಸೂಡೊಮೊನಾಸ್, ಬ್ಯಾಸಿಲಸ್ ಬ್ಯಾಕ್ಟೀರಿಯಾಗಳ ಹಲವು ತಳಿಗಳು ಇಂಡೋಲ್ ಅಸಿಟಿಕ್ ಆಮ್ಲ ಮಾಡ್ತವೆ. ಗಿಡ ತನ್ನೊಳಗೇ ತಯಾರಿಸ್ಕೊಳ್ಳೋ ಆಕ್ಸಿನ್ ಹಾರ್ಮೋನ್ ಕೂಡ ಇದೇ. ಹಿತಮಿತವಾಗಿ ಸಿಕ್ಕಿದ್ರೆ ಪಕ್ಕದ ಬೇರು ಒಡೆಯುತ್ತೆ, ಬೇರುಗೂದಲು ಒತ್ತಾಗುತ್ತೆ, ರಂಜಕದಂಥ ಜಾಗ ಬಿಟ್ಟು ಕದಲದ ಪೋಷಕಾಂಶ ಹೆಚ್ಚು ಎಟಕುತ್ತೆ. ಜಾಸ್ತಿಯಾದ್ರೆ ಉಲ್ಟಾ. ಹೆಚ್ಚಾದ ಆಕ್ಸಿನ್ ಗಿಡದಲ್ಲಿ ಎಸಿಸಿ ಅನ್ನೋ ವಸ್ತುವಿನ ತಯಾರಿ ಏರಿಸುತ್ತೆ, ಎಸಿಸಿ ಎಥಿಲೀನ್ ಅನ್ನೋ ಅನಿಲ ರೂಪದ ಹಾರ್ಮೋನ್ ಆಗುತ್ತೆ, ಎಥಿಲೀನ್ ಬೇರಿನ ಉದ್ದ ತಡೆಯುತ್ತೆ. ಬೇರು ಗಿಡ್ಡ, ದಪ್ಪ, ಮೊಂಡು. ಅದಕ್ಕೇ ಅಂಗಡಿಯಲ್ಲಿ ಸಿಗೋ ಬ್ಯಾಕ್ಟೀರಿಯಾ ಪುಡಿ ಎರಡು ಪಟ್ಟು ಹಾಕಿದ್ರೆ ಬೇರೂ ಎರಡು ಪಟ್ಟು ಬರುತ್ತೆ ಅನ್ನೋ ಲೆಕ್ಕ ನಿಲ್ಲಲ್ಲ. ಬೇರು ಬರಿಸೋ ಹಾರ್ಮೋನ್ ಪುಡಿ ಮೊದಲೇ ಹಚ್ಚಿದ್ರೆ, ಅದರ ಮೇಲೆ ಬ್ಯಾಕ್ಟೀರಿಯಾ ಪ್ರಮಾಣ ಏರಿಸೋಕೆ ಹೋಗಬೇಡಿ.

ಮಲೆನಾಡಿಗೆ ನಿಜವಾಗಿ ಬೇಕಾದ ವಿಷಯ ಇನ್ನೊಂದಿದೆ. ಜುಲೈ ಮಳೆಗೆ ಬುಡದಲ್ಲಿ ನೀರು ನಿಂತ್ರೆ ಬೇರಿಗೆ ಗಾಳಿ ಸಿಗಲ್ಲ. ಎಸಿಸಿ ಎಥಿಲೀನ್ ಆಗೋಕೆ ಆಮ್ಲಜನಕ ಬೇಕು. ಹಾಗಾಗಿ ಬೇರಲ್ಲಿ ಕೂಡಿದ ಎಸಿಸಿ ಮೇಲೇರಿ ಎಲೆಯಲ್ಲಿ ಎಥಿಲೀನ್ ಆಗುತ್ತೆ. ಎಲೆ ತೊಟ್ಟಿನಿಂದ ಜೋತು ಬೀಳುತ್ತೆ, ಹಳದಿಯಾಗಿ ಉದುರುತ್ತೆ. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಎಸಿಸಿ ಡೀಅಮಿನೇಸ್ ಕಿಣ್ವ ಇದೆ. ಬೇರಿನಿಂದ ಹೊರಬಂದ ಎಸಿಸಿಯನ್ನ ಅವು ಒಡೆದು ಅಮೋನಿಯಾ ಮಾಡಿ ಸಾರಜನಕವಾಗಿ ಬಳಸ್ಕೊಳ್ತವೆ, ಗಿಡದಲ್ಲಿ ಎಥಿಲೀನ್ ಇಳಿಯುತ್ತೆ. ಎಲ್ಲಾ ತಳಿಗೂ ಈ ಕಿಣ್ವ ಇರಲ್ಲ, ಒಂದೇ ಜಾತಿಯಲ್ಲೂ ತಳಿಯಿಂದ ತಳಿಗೆ ವ್ಯತ್ಯಾಸ. ಆದ್ರೆ ಮಳೆಗಾಲದ ಹಳದಿ ಎಲೆಗೆ ಸೊರಗು ರೋಗವೂ ಕಾರಣ ಇರಬಹುದು. ಬುಡ ಕಪ್ಪಾಗಿ ಕೊಳೆತಿದ್ರೆ ಅದು ಹಾರ್ಮೋನ್ ವಿಷಯ ಅಲ್ಲ. ಎರಡಕ್ಕೂ ಮೊದಲ ಮದ್ದು ಬಸಿಗಾಲುವೆ.

ಈಗ ಕೆಲಸಕ್ಕೆ ಬರೋಣ. ತೊಟ್ಟೆಗೆ ಮಣ್ಣು ಎರಡು ಪಾಲು, ಮರಳು ಒಂದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು. ಹಸಿ ಸಗಣಿ ಬೇಡ, ಅದರ ಕಾವು ಮತ್ತು ಅಮೋನಿಯಾ ಎಳೇ ಬೇರನ್ನೇ ಸುಡುತ್ತೆ. ಟಾಲ್ಕ್ ಅನ್ನೋ ನುಣ್ಣನೆ ಕಲ್ಲಿನ ಪುಡಿಯಲ್ಲಿ ಬೆರೆಸಿ ಮಾರೋ ಸೂಡೊಮೊನಾಸ್ ಫ್ಲೋರೆಸೆನ್ಸ್ ಬ್ಯಾಕ್ಟೀರಿಯಾ ಲೀಟರ್ ನೀರಿಗೆ 10 ಗ್ರಾಂ. ನಲ್ಲಿ ನೀರಲ್ಲಿ ಕ್ಲೋರಿನ್ ಇದ್ರೆ ಹಿಂದಿನ ರಾತ್ರಿಯೇ ಅಗಲ ಪಾತ್ರೆಯಲ್ಲಿ ತೆರೆದಿಡಿ. ತುಂಡಿನ ಬುಡ ಅರ್ಧ ಗಂಟೆ ಅದ್ದಿ, ನಡುನಡುವೆ ಕಲಕಿ, ಟಾಲ್ಕ್ ತಳಕ್ಕೆ ಕೂರುತ್ತೆ. ಇದೆಲ್ಲ ನೆರಳಲ್ಲಿ, ಸಂಜೆ. ತೋಟಕ್ಕಾದ್ರೆ 50 ಕಿಲೋ ಕಳಿತ ಗೊಬ್ಬರಕ್ಕೆ ಒಂದು ಕಿಲೋ ಪುಡಿ ಬೆರೆಸಿ, ಒದ್ದೆ ಗೋಣಿ ಮುಚ್ಚಿ, ವಾರದಿಂದ ಹತ್ತು ದಿನ ನೆರಳಲ್ಲಿ ಬಿಟ್ಟು ಹಾಕಿ.

ಹೆಚ್ಚಿನ ಕಡೆ ಕೆಡೋದು ತಾಮ್ರದಿಂದ. ಬೋರ್ಡೋ ದ್ರಾವಣ, ಕಾಪರ್ ಆಕ್ಸಿಕ್ಲೋರೈಡ್‌ನಂಥ ತಾಮ್ರದ ಶಿಲೀಂಧ್ರನಾಶಕ ಬುಡಕ್ಕೆ ಹುಯ್ದ್ರೆ ಈ ಬ್ಯಾಕ್ಟೀರಿಯಾನೂ ಸಾಯುತ್ತೆ. ನಡುವೆ ಕನಿಷ್ಠ ಎರಡು ವಾರ ಬಿಡಿ. ಯೂರಿಯಾ, ಸುಣ್ಣದ ಜೊತೆ ಒಂದೇ ಬಕೆಟ್‌ನಲ್ಲಿ ಕಲಸೋದು ಬೇಡವೇ ಬೇಡ.

ಕೊಂಡ ಪುಡಿ ಜೀವಂತವಾಗಿದೆಯಾ ಅಂತ ಗಿಡದಲ್ಲೇ ನೋಡಬಹುದು. ಇಪ್ಪತ್ತು ತುಂಡಿಗೆ ಪುಡಿಯ ನೀರು, ಇನ್ನಿಪ್ಪತ್ತಕ್ಕೆ ಅದೇ ನೀರನ್ನ ಚೆನ್ನಾಗಿ ಕುದಿಸಿ ಆರಿಸಿದ್ದು. ಕುದಿಸಿದ್ರಲ್ಲಿ ಟಾಲ್ಕ್ ಉಳಿಯುತ್ತೆ, ಸೂಡೊಮೊನಾಸ್ ಸಾಯುತ್ತೆ, ಹೋಲಿಕೆ ಸರಿಯಾಗುತ್ತೆ. ಎರಡು ತಿಂಗಳಿಗೆ ಐದೈದು ತೊಟ್ಟೆ ಬಿಚ್ಚಿ, ಬೇರು ತೊಳೆದು, ಕಪ್ಪು ಬಟ್ಟೆ ಮೇಲೆ ಹರಡಿ ಪಕ್ಕದ ಬೇರು ಎಣಿಸಿ. ಎಲೆ ಬಣ್ಣ ನಂಬಬೇಡಿ, ಅದು ನೆರಳು, ಸಾರಜನಕದ ಮೇಲೆ ಬದಲಾಗುತ್ತೆ. ವ್ಯತ್ಯಾಸವೇ ಕಾಣದಿದ್ರೆ ಪ್ಯಾಕೆಟ್‌ನ ಕೊನೆ ದಿನಾಂಕ ನೋಡಿ, ಅಂಗಡಿಯಲ್ಲಿ ಅದು ಬಿಸಿಲಲ್ಲಿತ್ತಾ ಅಂತ ಕೇಳಿ, ಬೇರೆ ಬ್ಯಾಚ್ ತಂದು ಮತ್ತೆ ಹೋಲಿಸಿ.