ತಲೆಬುರುಡೆ ದಾಟುವ ಬೆಳಕು

ಮುಂಬಯಿಯ ಕನ್ನಡ ಕೇಳುಗರಿಗೆ ನಮಸ್ಕಾರ. ಮಾಟುಂಗದಲ್ಲಿ, ಡೊಂಬಿವಲಿಯಲ್ಲಿ ರೇಡಿಯೊ ಹಚ್ಚಿಕೊಂಡು ಕುಳಿತವರೇ, ಒಂದು ಕೆಲಸ ಮಾಡಿ. ದೀಪ ಆರಿಸಿ, ಮೊಬೈಲಿನ ಟಾರ್ಚಿಗೆ ಬೆರಳು ಒತ್ತಿ ಹಿಡಿಯಿರಿ. ಬೆರಳು ಕೆಂಪಗಾಯಿತಲ್ಲ? ಹಸಿರು, ನೀಲಿಯನ್ನೆಲ್ಲ ರಕ್ತ ನುಂಗಿತು, ಕೆಂಪು ಪಾರಾಯಿತು. ಕೆಂಪಿನಾಚೆ, ಕಣ್ಣಿಗೆ ಕಾಣದ ‘ಸಮೀಪ ಅವಗೆಂಪು’ (ನಿಯರ್ ಇನ್‌ಫ್ರಾರೆಡ್) ಬೆಳಕಿದೆ. ಅದು ಇನ್ನೂ ಆಳಕ್ಕೆ ಇಳಿಯುತ್ತದೆ, ಎಲುಬನ್ನೂ ದಾಟುತ್ತದೆ. ಎಕ್ಸ್‌ರೇ ಅಲ್ಲ, ಬರೀ ಬೆಳಕು.

ಎಲುಬು ದಾಟುವ ಕಥೆ ನನಗೆ ಬಹಳ ಇಷ್ಟ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಫ್ರಾನ್ಸ್ ಯೋಬ್ಸಿಸ್ ಎಂಬ ವಿಜ್ಞಾನಿ. ಬುರುಡೆ ತೆರೆಯದೆ ಮಿದುಳಿನ ಆಮ್ಲಜನಕ ಅಳೆಯುವುದು ಹೇಗೆಂಬುದೇ ಅವರ ಚಿಂತೆ. ಒಂದು ರಾತ್ರಿ ಊಟಕ್ಕೆ ದನದ ಹೆಗಲೆಲುಬಿನ ಮಾಂಸ. ಸಸ್ಯಾಹಾರಿಗಳು ಕ್ಷಮಿಸಬೇಕು, ಎಲುಬಿಲ್ಲದೆ ಈ ಕಥೆ ಮುಂದೆ ಹೋಗುವುದಿಲ್ಲ. ಮಗ ಮಾಂಸವನ್ನೆಲ್ಲ ಕೆರೆದು ತಿಂದು, ಚಪ್ಪಟೆ ಎಲುಬನ್ನು ದೀಪಕ್ಕೆ ಹಿಡಿದ. ಕೆಂಪು ಬೆಳಕು ಈಚೆಗೆ ತೂರಿ ಬಂತು. ಅಪ್ಪನ ತುತ್ತು ಅಲ್ಲೇ ನಿಂತಿರಬೇಕು! ಇದು ತೂರಿದರೆ ಬುರುಡೆಯಲ್ಲಿ ಏಕೆ ತೂರಬಾರದು? 1977ರಲ್ಲಿ ಅವರ ಲೇಖನ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಬೆಳಕಿನಿಂದ ಮಿದುಳಿನ ಆಮ್ಲಜನಕ ಅಳೆಯುವ ವಿದ್ಯೆ ಹುಟ್ಟಿದ್ದೇ ಹಾಗೆ.

ನಿರ್ವಾಹಕರು ಗಡಿಯಾರ ತೋರಿಸುತ್ತಿದ್ದಾರೆ. ಇರಲಿ, ಬೇಗ ಹೇಳುತ್ತೇನೆ. ಆಮ್ಲಜನಕ ಹೊತ್ತ ರಕ್ತ ಈ ಬೆಳಕನ್ನು ಹೀರುವ ರೀತಿಯೇ ಬೇರೆ, ಆಮ್ಲಜನಕ ಬಿಟ್ಟುಕೊಟ್ಟ ರಕ್ತದ್ದೇ ಬೇರೆ. 700ರಿಂದ 900 ನ್ಯಾನೊಮೀಟರ್ ತರಂಗಾಂತರದ ನಡುವಿನ ಎರಡು ಬಗೆಯ ಬೆಳಕು ಬಿಟ್ಟು, ಮೂರು ಸೆಂಟಿಮೀಟರ್ ಆಚೆ ಮರಳಿದ್ದನ್ನು ಅಳೆದರೆ ಮಿದುಳಿನ ಹೊರಪದರಕ್ಕೆ ಉಸಿರು ಸಾಲುತ್ತಿದೆಯೇ ಎಂದು ತಿಳಿಯುತ್ತದೆ. ಲೋಕಲ್ ಗಾಡಿಯಿಂದ ಬಿದ್ದವನ ತಲೆಯೊಳಗೆ ರಕ್ತ ಹೆಪ್ಪುಗಟ್ಟಿದರೆ ಆ ಪಕ್ಕ ಬೆಳಕು ಹೆಚ್ಚು ಹೀರಿಹೋಗುತ್ತದೆ. ಎಡ, ಬಲ ಹೋಲಿಸಿದರೆ ಗುಮಾನಿ ಬರುತ್ತದೆ, ಕೂಡಲೇ ಸಿಟಿ ಸ್ಕ್ಯಾನ್‌ಗೆ ಓಡಿಸಬಹುದು. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರ, ರೋಗಿಯಿದ್ದಲ್ಲಿಗೇ ಬರುತ್ತದೆ. ಮಿದುಳಿನ ಆಳದ ಗಡ್ಡೆ (ಟ್ಯೂಮರ್) ನೋಡಲು ಎಂಆರ್‌ಐಯಂಥ ಸ್ಕ್ಯಾನ್ ಬೇಕು, ಆ ಮಾತು ಇನ್ನೊಂದು ದಿನ.

“ಡಾಕ್ಟ್ರೇ, ವಿಕಿರಣದಿಂದ ಮಗುವಿಗೆ ಏನೂ ಆಗಲ್ವಾ?” ಎಂದು ಕೇಳಿದವರೇ ಮತ್ತೆ ಮತ್ತೆ ಕೇಳುತ್ತಾರೆ. ಬರೀ ಬೆಳಕು ಅಂದೆನಲ್ಲಮ್ಮ! ಅವಧಿಗೆ ಮುನ್ನ ಹುಟ್ಟಿದ ಕೂಸಿನ ಬುರುಡೆ ತೆಳು, ಅಲ್ಲೇ ಈ ಬೆಳಕು ಚೆನ್ನಾಗಿ ಒಳಹೊಗುವುದು. ಹಣೆಗೆ ಈ ಬೆಳಕಿನ ಪಟ್ಟಿ ಅಂಟಿಸಿದ್ದರೆ, ಅಜ್ಜಿಯಂದಿರೇ, ಮೊಮ್ಮಗುವಿಗೆ ಚುಚ್ಚುತ್ತದೆಂದು ದಯವಿಟ್ಟು ಕಿತ್ತು ಹಾಕಬೇಡಿ. ನಮಸ್ಕಾರ.